ತಿರುವಿನಲ್ಲಿ ನಿಲ್ಲಬೇಕಾಗಿದ್ದವರು

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಆ ಹೆಸರು ಒಂದು ದೊಡ್ಡ ವಾಟ್ಸಾಪ್ ಗುಂಪಿನಲ್ಲಿ ತಪ್ಪಿತಸ್ಥನ ಹೆಸರಾಗಿ ಮೂರು ದಿನ ಓಡಾಡಿದೆ. ಅಷ್ಟು ಸಾಕು. ರಬಾಳೆಯ ನಮ್ಮ ಪಂಪ್ ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಕಾಕಾ ಎಂದು ಕರೆಯುತ್ತಿದ್ದರು. ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡಾಗ ಗೇಟಿನ ಪಕ್ಕದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಎರಡು ಸಾಲು ಬರೆದಿದ್ದರು. ಸಂಜೆ ಪಾಳಿಯವರು ಬರುವಷ್ಟರಲ್ಲಿ ಎರಚಲು ಬಡಿದು ಅದು ಅರ್ಧ ಅಳಿಸಿಹೋಗಿತ್ತು.

ಕಾಕಾ ಸಿಂದಗಿ ಕಡೆಯವರು. ಮೇಂಟೆನೆನ್ಸ್ ವಿಭಾಗದಲ್ಲಿ ಫಿಟ್ಟರ್. ಕೋಪರಖೈರಣೆಯ ಒಂದು ಖೋಲಿಯಲ್ಲಿ ಒಬ್ಬರೇ ಇರುತ್ತಿದ್ದರು, ಹೆಂಡತಿ ಊರಿನಲ್ಲಿ. ಕಬ್ಬಿಣದಂಥ ಭಾರದ, ಕಪ್ಪು ಬಣ್ಣದ ಸೈಕಲ್ಲಿನಲ್ಲಿ ದಿನವೂ ಬಂದುಹೋಗುತ್ತಿದ್ದರು. ಮಾತು ಕಡಿಮೆ. ಯಾವ ಯಂತ್ರ ಕೆಟ್ಟರೂ ಮೊದಲು ಅದರ ಮೈಮೇಲೆ ಬಲಗೈ ಅಂಗೈಯನ್ನು ಒತ್ತಿ ಕಣ್ಣು ಮುಚ್ಚಿ ನಿಲ್ಲುವುದು ಅವರ ಅಭ್ಯಾಸ. ಡ್ರಾಯಿಂಗ್ ಸೆಕ್ಷನ್ನಿನಲ್ಲಿದ್ದ ನಾನು ಬಹಳ ಕಾಲ ಅದನ್ನು ಬರೀ ತೋರಿಕೆ ಎಂದುಕೊಂಡಿದ್ದೆ. ಒಂದು ದಿನ ಚೆನ್ನಾಗಿ ಓಡುತ್ತಿದ್ದ ಕಂಪ್ರೆಸರಿನ ಮೇಲೆ ಹಾಗೇ ಕೈಯಿಟ್ಟು, "ಇದು ನಾಳೆ ನಿಂದರ್ತೈತ್ರಿ" ಎಂದರು. ಸೂಪರ್‌ವೈಸರ್ ನಕ್ಕ. ಮರುದಿನ ಮಧ್ಯಾಹ್ನ ಅದು ನಿಂತಿತು. ಆಗಲೂ ಕಾಕಾ "ಹೇಳಿದ್ದೆನಲ್ಲ" ಎನ್ನಲಿಲ್ಲ. ಸ್ಪ್ಯಾನರ್ ಪೆಟ್ಟಿಗೆ ತೆಗೆದುಕೊಂಡು ಬಂದು ಕೆಲಸಕ್ಕೆ ಕುಳಿತರು. ತಾನು ಮೊದಲೇ ಹೇಳಿದ್ದನ್ನು ಆಮೇಲೆ ಎತ್ತಿ ತೋರಿಸುವ ಚಟ ಅವರಿಗೆ ಇರಲೇ ಇಲ್ಲ. ಇದರಿಂದ ಯಾರಿಗೆ ಅನುಕೂಲವಾಯಿತು ಎನ್ನುವುದನ್ನು ಮುಂದೆ ಹೇಳುತ್ತೇನೆ.

ನನಗೆ ಸಕ್ಕರೆ ಕಾಯಿಲೆ ಶುರುವಾಗಿ, ಡಾಕ್ಟರರು ಹೆದರಿಸಿ, ನಾನೊಂದು ಒಳ್ಳೆಯ ಸೈಕಲ್ ಕೊಂಡೆ. ಠಾಣೆ ಮತ್ತು ನವಿ ಮುಂಬಯಿಯ ಸೈಕಲ್ ಸವಾರರ ಒಂದು ಗುಂಪಿಗೂ ಸೇರಿದೆ. ಭಾನುವಾರ ಬೆಳಿಗ್ಗೆ ಎಲ್ಲರೂ ಬಿಗಿಯಾದ ಬಣ್ಣದ ಅಂಗಿ ತೊಟ್ಟು ಭಿವಂಡಿ ದಾಟಿ, ಶಹಾಪುರದ ಕಡೆಯ ಕಾಡು, ಕೆರೆಗಳತ್ತ ಹೋಗುತ್ತಿದ್ದೆವು. ಅಲ್ಲಿ ಮುಂಬಯಿಗೆ ಕುಡಿಯುವ ನೀರು ಕೊಡುವ ದೊಡ್ಡ ಕೆರೆಗಳಿವೆ. ಒಂದರಿಂದ ಇನ್ನೊಂದಕ್ಕೆ ತೇಗದ ಕಾಡಿನ ನಡುವೆ ಏರಿಳಿಯುವ ಸಣ್ಣ ಡಾಂಬರು ರಸ್ತೆಗಳು. ಮಳೆ ಮುಗಿದ ಮೇಲಿನ ಎರಡು ತಿಂಗಳು ಅಲ್ಲಿ ಸೈಕಲ್ ತುಳಿದವನಿಗೆ ಡೊಂಬಿವಲಿ ಫಾಸ್ಟ್ ಲೋಕಲಿನ ನೂಕುನುಗ್ಗಲೆಲ್ಲ ಬೇರೆ ಯಾರದೋ ಕಥೆ ಅನ್ನಿಸುತ್ತದೆ.

ಒಂದು ಸೋಮವಾರ ಕಾರ್ಖಾನೆಯ ಸೈಕಲ್ ಸ್ಟ್ಯಾಂಡಿನಲ್ಲಿ ಕಾಕಾ ನನ್ನ ಟೈರಿಗೆ ಅಂಟಿದ್ದ ಕೆಂಪು ಮಣ್ಣನ್ನು ಉಗುರಿನಿಂದ ಕೆರೆದು ನೋಡಿದರು.

"ಕೆರಿ ಕಡೆ ಹೋಗಿದ್ರೇನ್ರಿ ಸರ?"

"ಹೌದು. ನಿಮಗೆ ಹೇಗೆ ಗೊತ್ತಾಯ್ತು?"

"ಆ ರಸ್ತಾ ನಾವ ಮಾಡಿದ್ದರಿ."

ನಾನು ಅದನ್ನು ಬರೀ ಮಾತಿಗೆ ಹೇಳಿದ್ದೆಂದು ತಿಳಿದೆ. ಅದು ಅಕ್ಷರಶಃ ನಿಜವಾಗಿತ್ತು. ಅವರ ಅಪ್ಪ ಅವ್ವ ರಸ್ತೆ ಕೆಲಸದ ಗುಂಪಿನವರು. ಜಲ್ಲಿ ಹೊರುವುದು, ಡಾಂಬರು ಕಾಯಿಸುವುದು, ಮುಂದಿನ ಮೈಲಿಗೆ ಡೇರೆ ಕೀಳುವುದು. ಕಾಕಾ ಹುಟ್ಟಿದ್ದೇ ರಸ್ತೆ ಬದಿಯ ಡೇರೆಯಲ್ಲಿ. ಹದಿನೈದು ವರ್ಷದ ತನಕ ಅವರೂ ಆ ಕೆರೆಗಳ ಸುತ್ತಲಿನ ರಸ್ತೆಗಳಿಗೆ ಕಲ್ಲು ಹೊತ್ತಿದ್ದರು.

ಮುಂದಿನ ಭಾನುವಾರ ಅವರು ನನ್ನನ್ನು ಕರೆದುಕೊಂಡು ಹೋದರು. ಬೈಪಾಸಿನ ಟ್ರಕ್ಕುಗಳಿಂದ ತಪ್ಪಿಸಿ, ಭಿವಂಡಿಯ ಮಗ್ಗಗಳ ಖಟಖಟದ ಹಿಂದಿನ ಓಣಿಗಳಲ್ಲಿ ನುಸುಳಿ, ಗೋದಾಮುಗಳ ಬೆನ್ನಿಗೆ ಹಾದು ಹಳ್ಳಿ ರಸ್ತೆಗೆ ಇಳಿಸಿದರು. ಹತ್ತು ಗೇರುಗಳ ನನ್ನ ಸೈಕಲ್ಲು ಏರುಗಳಲ್ಲಿ ಅವರ ಒಂದೇ ಗೇರಿನ ಸೈಕಲ್ಲಿಗಿಂತ ಹಿಂದೆ ಬೀಳುತ್ತಿತ್ತು. ದಾರಿಯುದ್ದಕ್ಕೂ ಅವರು ಊರುಗಳ ಹೆಸರು ಹೇಳಲಿಲ್ಲ. "ಈ ಮೋರಿ ಕೆಳಗ ನಮ್ಮವ್ವ ಜ್ವರಾ ಬಂದು ನಾಕ್ ದಿನಾ ಮಲಗಿದ್ದಳ್ರಿ." "ಇಲ್ಲಿ ಕೂಲಿ ಕೊಡೂ ಮುಕಾದಮ ಓಡಿಹೋದ." "ಇಲ್ಲಿಂದ ಅಲ್ಲೀತನ ಕಲ್ಲು ಛಲೋ ಅದಾವ, ಜೋರ್ ಬಿಡ್ರಿ." ಒಂದೊಂದು ಕಡೆ ಇಳಿದು, ಕುಕ್ಕರಗಾಲಿನಲ್ಲಿ ಕುಳಿತು, ಯಂತ್ರದ ಮೇಲೆ ಇಡುವಂತೆ ಡಾಂಬರಿನ ಮೇಲೆ ಅಂಗೈ ಇಡುತ್ತಿದ್ದರು.

ಕೆರೆ ಕಂಡಾಗ ನಾನು ಫೋಟೋ ತೆಗೆಯಲು ನಿಂತೆ. ಬೆಳಗಿನ ನೀರು ಬೆಟ್ಟದ ಬುಡದ ತನಕ ಹರಡಿಕೊಂಡಿತ್ತು. ಕಾಕಾ ಅದಕ್ಕೆ ಬೆನ್ನು ಹಾಕಿ ಕುಳಿತು ಬಟ್ಟೆಯ ಗಂಟಿನಿಂದ ಕಟಕ ರೊಟ್ಟಿ, ಶೇಂಗಾ ಹಿಂಡಿ ತೆಗೆದರು.

"ನೀವು ನೋಡುವುದಿಲ್ವಾ?" ಎಂದೆ.

"ನೀರು ನೋಡಿ ಏನ್ ಮಾಡೂದ್ರಿ. ನಾವು ಇಲ್ಲಿ ರಸ್ತಾ ಮಾಡುಮುಂದ ಕೆರ್ಯಾಗ ಕೊಡ ಅದ್ದಾಕ ಬಿಡ್ತಿದ್ದಿಲ್ಲ. ಕಾವಲಿನವ್ರು ಇರ್ತಿದ್ರು. ಇದು ಮುಂಬೈದವರ ನೀರು ಅಂತಿದ್ರು. ಬ್ಯಾಸಗ್ಯಾಗ ಎರಡು ಮೈಲು ಹೋಗಿ ಬಾವಿ ನೀರು ತರಬೇಕು. ಒಂದಿನ ನಮ್ಮವ್ವ ತಡೀಲಾರದ ಒಂದು ಕೊಡ ತುಂಬಿದಳು. ಬಡದ್ರು." ರೊಟ್ಟಿ ಮುರಿದು ಅರ್ಧ ನನಗೆ ಕೊಟ್ಟರು. "ತಿನ್ರಿ. ಈಗ ಅದ ನೀರ ನಾನೂ ನಳದಾಗ ಕುಡೀತೀನಿ."

ಇಷ್ಟನ್ನೂ ಅವರು ಹವಾಮಾನದ ವಿಷಯ ಹೇಳಿದಂತೆ ಹೇಳಿದರು.

ಹಾಗೆ ಅವರು ನಮ್ಮ ಗುಂಪಿಗೆ ದಾರಿ ಹುಡುಕಿಕೊಡುವವರಾದರು. ಗುಂಪಿನ ಮುಖ್ಯಸ್ಥ ಠಾಣೆಯ ಒಬ್ಬ ಆರ್ಕಿಟೆಕ್ಟ್. ಅವನಿಗೆ ಕಾಕಾ ಎಂದರೆ ಒಂದು ವಿಶೇಷ. ಬಂದವರಿಗೆಲ್ಲ "ಇವರೇ ಈ ರಸ್ತೆಗಳನ್ನು ಮಾಡಿದವರು" ಎಂದು ಪರಿಚಯಿಸಿ ಅವರ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದ. ಸವಾರಿಯಲ್ಲಿ ಮಾತ್ರ ಕಾಕಾ ಯಾವಾಗಲೂ ಕೊನೆಯಲ್ಲಿರುತ್ತಿದ್ದರು, ಪಂಕ್ಚರ್ ಆದವರ ಜೊತೆ.

ಆ ಕೊನೆಯ ಸಾಲಿನಲ್ಲೇ ಅವರಿಗೆ ಜೊತೆಯಾದವಳು ಡೊಂಬಿವಲಿಯ ಒಬ್ಬ ಹುಡುಗಿ. ಬ್ಯಾಂಕಿನಲ್ಲಿ ಕೆಲಸ, ಇಪ್ಪತ್ತೆಂಟು ವಯಸ್ಸು. ತಂದೆ ತಾಯಿ ಉಡುಪಿ ಕಡೆಯವರು; ತಂದೆ ಹೋಟೆಲಿನಲ್ಲಿ ದುಡಿದು ಬೇಗ ಹೋಗಿದ್ದರು. ಇಲ್ಲೇ ಹುಟ್ಟಿದ ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು, ನಾಲಿಗೆಗೆ ಬರುತ್ತಿರಲಿಲ್ಲ. ಕಾಕಾ ಕನ್ನಡದಲ್ಲಿ ಕೇಳುವರು, ಅವಳು ಮರಾಠಿಯಲ್ಲಿ ಉತ್ತರಿಸುವಳು. ಏರಿನಲ್ಲಿ ಅವಳಿಗೆ ಉಸಿರು ಹಿಡಿದಾಗ, "ನಿಂದರಬ್ಯಾಡವ್ವಾ, ಸಣ್ಣಗ ತುಳಿ. ನಿಂತ್ರ ಕಾಲು ಮರೀತಾವ" ಎನ್ನುವರು. "ಹೋ ಕಾಕಾ, ಯೇತೇ" ಎಂದು ಅವಳು ಬರುವಳು. ಅವರು ಕೊಟ್ಟ ರೊಟ್ಟಿಯನ್ನು ಪೂರ್ತಿ ತಿನ್ನುತ್ತಿದ್ದವಳು ಅವಳೊಬ್ಬಳೇ. ಉಳಿದವರು ಒಂದು ಚೂರು ಮುರಿದು ರುಚಿ ನೋಡಿ, ಚೆನ್ನಾಗಿದೆ ಎಂದು ಹೇಳಿ, ತಮ್ಮ ಚಾಕೊಲೇಟ್ ಪಟ್ಟಿಗಳನ್ನು ತೆಗೆಯುತ್ತಿದ್ದರು.

ಎರಡು ವರ್ಷದ ಹಿಂದೆ ದಸರೆ ಕಳೆದ ಮೇಲೆ ಗುಂಪು ಒಂದು ದೊಡ್ಡ ಸವಾರಿ ಇಟ್ಟುಕೊಂಡಿತು. ಒಂದೇ ದಿನದಲ್ಲಿ ಮೂರು ಕೆರೆ. ದಾರಿ ಗೊತ್ತುಮಾಡುವ ಹೊಣೆ ನನ್ನದು. ನಾನು, ಕಾಕಾ ಇಬ್ಬರೇ ಮೊದಲು ಹೋಗಿ ಪೂರ್ತಿ ತುಳಿದು ನೋಡಿದೆವು. ಎರಡನೇ ಕೆರೆಗೆ ಮುಂಚೆ ಒಂದು ಏರು, ಅದರ ನೆತ್ತಿಯಿಂದ ಉದ್ದನೆಯ ಇಳಿಜಾರು, ಇಳಿಜಾರಿನ ಕೊನೆಯಲ್ಲಿ ಎಡಕ್ಕೆ ಒಂದು ತಿರುವು. ತಿರುವಿನಲ್ಲೇ ಬಲಗಡೆ ಇಡೀ ಕೆರೆ ಒಮ್ಮೆಗೇ ತೆರೆದುಕೊಳ್ಳುತ್ತದೆ.

ಕಾಕಾ ನೆತ್ತಿಯಲ್ಲೇ ಇಳಿದರು. ನನ್ನನ್ನೂ ಇಳಿಸಿದರು. ನಡೆದು ತಿರುವಿಗೆ ಬಂದು ಕುಳಿತು ಕೈ ಇಟ್ಟರು.

"ಸರ, ಇಲ್ಲಿ ನೋಡ್ರಿ. ರಸ್ತಾ ಒಳಮಗ್ಗಲಕ್ಕ ವಾಲಬೇಕು. ಇದು ಹೊರಗ ವಾಲೈತಿ. ಗಾಡಿನ ಹೊರಗ ಒಗೀತೈತಿ. ಯಾರೋ ಸಾಹೇಬ್ರು ಬರ್ತಾರ ಅಂತ ಒಂದ ದಿನದಾಗ ಮುಗಿಸಿದ್ದು. ನಮ್ಮಪ್ಪ ಹೇಳಿದ, ಇದು ತಪ್ಪೈತಿ ಅಂತ. ನೀ ಇಂಜಿನಿಯರ್ ಏನೋ ಅಂತ ಬೈಸಿಕೊಂಡ. ಆಮ್ಯಾಲ ಎಷ್ಟು ಸಲ ಡಾಂಬರ ಹಾಕಿದ್ರೂ ತಳಾ ಅದ ಐತಿ. ಮಳಿ ಆದ ಮ್ಯಾಲ ಗುಡ್ಡದ ಕಡಿ ಬಂದು ಇಲ್ಲೇ ಕುಂದರ್ತಾವ." ಅಂಗೈ ತಿರುಗಿಸಿ ತೋರಿಸಿದರು. ಅವರು ಕಡಿ ಎಂದ ಸಣ್ಣ ಹರಳುಗಳು ಅಂಟಿಕೊಂಡಿದ್ದವು. "ಇಲ್ಲಿ ಎಲ್ಲಾರೂ ಇಳದು ನಡೀಬೇಕ್ರಿ. ನಾ ಆ ದಿನಾ ಮ್ಯಾಲ ಕೆಂಪು ಬಟ್ಟಿ ಹಿಡಕೊಂಡು ನಿಂದರ್ತೀನಿ."

"ಸರಿ ಕಾಕಾ, ನೀವೇ ನಿಲ್ಲಿ" ಎಂದೆ.

ಸವಾರಿಗೆ ಕಾಕಾ ಹಿಂದಿನ ಸಂಜೆಯೇ ಹೋಗಿ ಶಹಾಪುರದ ಹತ್ತಿರ ಪರಿಚಯದ ಚಹಾದಂಗಡಿಯಲ್ಲಿ ಮಲಗಿದ್ದರು. ನಾವು ಕಾರುಗಳ ಮೇಲೆ ಸೈಕಲ್ ಹೇರಿಕೊಂಡು ಅಲ್ಲಿಗೆ ಹೋದೆವು. ಎರಡನೇ ಕೆರೆಯ ದಂಡೆಯಲ್ಲಿ, ಆ ತಿರುವಿನಿಂದ ಮೂರು ಕಿಲೋಮೀಟರ್ ಮುಂದೆ, ನೀರು ಬಾಳೆಹಣ್ಣು ಹಂಚಬೇಕಾಗಿದ್ದ ಮನುಷ್ಯ ಹೊರಡುವ ಹೊತ್ತಾದರೂ ಬಂದಿರಲಿಲ್ಲ. ಮುಖ್ಯಸ್ಥ ನನ್ನತ್ತ ನೋಡಿದ. ನಾನು ಕಾಕಾನತ್ತ ನೋಡಿದೆ. ಅಷ್ಟು ಜನರಲ್ಲಿ ನನಗೆ ಅವರೇ ಏಕೆ ಕಂಡರು ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಉತ್ತರ ಗೊತ್ತು. ಉಳಿದವರೆಲ್ಲ ಸವಾರಿಗೆ ಬಂದವರು. ಅವರು ನನ್ನ ಲೆಕ್ಕದಲ್ಲಿ ಕೆಲಸಕ್ಕೆ ಬಂದವರು.

"ಕಾಕಾ, ನೀವು ನೀರಿನ ಹತ್ತಿರ ನಿಲ್ಲಿ" ಎಂದೆ.

"ಆ ಟರ್ನಿಂಗದಾಗ?"

"ಅದನ್ನು ನಾನು ಎಲ್ಲರಿಗೂ ಹೇಳ್ತೇನೆ. ಹೆದರಬೇಡಿ."

"ಇಳದು ನಡೀರಿ ಅಂತ ಹೇಳ್ರಿ. ಸಾವಕಾಶ ಅಂದ್ರ ಸಾಲೂದಿಲ್ಲ" ಎಂದು ಹೇಳಿ ಹೊರಟರು.

ಹೊರಡುವ ಮುಂಚಿನ ಸೂಚನೆಗಳಲ್ಲಿ ನಾನು ಹಿಂದಿಯಲ್ಲಿ ಹತ್ತು ವಿಷಯ ಹೇಳಿದೆ. ಹೆಲ್ಮೆಟ್, ನೀರು, ಪ್ಲಾಸ್ಟಿಕ್ ಎಸೆಯಬಾರದು, ಊಟ ಎಲ್ಲಿ. ನಡುವೆ, "ಎರಡನೇ ಕೆರೆಗೆ ಮುಂಚೆ ಒಂದು ಟರ್ನ್ ಇದೆ, ಸ್ವಲ್ಪ ಸಂಭಾಳಿಸಿಕೊಳ್ಳಿ" ಎಂದೆ. ಇಳಿದು ನಡೆಯಿರಿ ಎಂದು ಹೇಳಲು ಬಾಯಿಗೆ ಬಂದಿತ್ತು. ಅಷ್ಟು ಬೆಲೆಯ ಸೈಕಲ್ಲುಗಳನ್ನು ತಂದವರಿಗೆ ಇಳಿದು ತಳ್ಳಿಕೊಂಡು ಹೋಗಿ ಎಂದರೆ ನಗುತ್ತಾರೆ ಅನ್ನಿಸಿತು. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಇಲ್ಲ.

ಅವತ್ತು ಎಲ್ಲರಿಗಿಂತ ಹಿಂದಿದ್ದ ನಾನು ನೆತ್ತಿ ತಲುಪಿದಾಗ ಕೆಳಗೆ ನಾಲ್ಕೈದು ಸೈಕಲ್ಲುಗಳು ಅಡ್ಡಾದಿಡ್ಡಿ ಬಿದ್ದಿದ್ದವು, ಜನ ಅಂಚಿನಲ್ಲಿ ನಿಂತು ಕೆಳಗೆ ನೋಡುತ್ತಿದ್ದರು. ಡೊಂಬಿವಲಿಯ ಆ ಹುಡುಗಿ ಹರಳಿನ ಮೇಲೆ ಜಾರಿ, ಅಂಚಿನ ಕಲ್ಲು ದಾಟಿ, ಬಂಡೆಗಳ ಮೇಲೆ ಬಿದ್ದಿದ್ದಳು. ಇಬ್ಬರು ಆಗಲೇ ಇಳಿದು ಅವಳನ್ನು ಮೇಲೆ ತರುತ್ತಿದ್ದರು. ಹೆಲ್ಮೆಟ್ ಇತ್ತು. ಪೆಟ್ಟು ಕುತ್ತಿಗೆಗೆ ಬಿದ್ದಿತ್ತು.

ಸವಾರರು ಬರುವುದು ನಿಂತಿತೆಂದು ಕಾಕಾಗೆ ಅಲ್ಲಿ ಗೊತ್ತಾಗಿರಬೇಕು. ಬಾಳೆಹಣ್ಣಿನ ಬುಟ್ಟಿ ಬಿಟ್ಟು ಮೂರು ಕಿಲೋಮೀಟರ್ ದಾರಿಯನ್ನು ನಿಂತೇ ತುಳಿದುಕೊಂಡು ಬಂದರು. ಬಂದವರು ಮೊದಲು ಕೇಳಿದ್ದು ನನ್ನನ್ನು.

"ಹೇಳಿದ್ರಿಲ್ರಿ?"

"ಹೇಳಿದೆ" ಎಂದೆ.

ಅವರು ನನ್ನ ಮುಖ ನೋಡಿದರು. ಆಮೇಲೆ ಹೋಗಿ ಅವಳ ತಲೆಯ ಹತ್ತಿರ ಕುಳಿತರು. ಆಂಬುಲೆನ್ಸ್ ಬರಲು ಮುಕ್ಕಾಲು ಗಂಟೆಯಾಯಿತು. ಅಷ್ಟು ಹೊತ್ತೂ ಅವಳ ಕೈ ಅವರ ಕೈಯಲ್ಲಿತ್ತು. ಅವಳು ಹೋದದ್ದು ನಮಗೆಲ್ಲ ಆಂಬುಲೆನ್ಸಿನವನು ಹೇಳಿದ ಮೇಲೆ ತಿಳಿಯಿತು. ಅವರಿಗೆ ಮೊದಲೇ ತಿಳಿದಿತ್ತು ಎಂದು ನನ್ನ ನಂಬಿಕೆ.

ಪೊಲೀಸರು ಅಪಘಾತ ಎಂದು ಬರೆದುಕೊಂಡರು. ಗುಂಪಿನವರು ಮುಂದಿನ ವಾರ ಠಾಣೆಯಲ್ಲಿ ಸೇರಿದರು. ಮುಖ್ಯಸ್ಥ ಕೇಳಿದ, "ಈ ರಸ್ತೆ ಹಿಡಿಯಲು ಹೇಳಿದ್ದು ಯಾರು?" ಕಾಕಾ ಬಾಗಿಲ ಬಳಿ ನಿಂತಿದ್ದರು. "ನಾನರಿ" ಎಂದರು. ಅವರ ಮುಂದಿನ ಮಾತಿಗಾಗಿ ನಾನು ಕಾದೆ. ಅವರು ಮುಂದೆ ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಆ ಸಂಜೆ ಗುಂಪಿನಲ್ಲಿ ಸಂದೇಶ ಬಂತು: ಈ ದಾರಿಯನ್ನು ಸೂಚಿಸಿದ್ದು ಇಂಥ ಹೆಸರಿನ ಹೊರಗಿನ ವ್ಯಕ್ತಿ, ಗುಂಪಿಗೂ ಅವರಿಗೂ ಇನ್ನು ಸಂಬಂಧವಿಲ್ಲ. ಕೆಳಗೆ ಜನ ಬರೆದದ್ದನ್ನು ನಾನು ಮೂರು ದಿನ ಓದಿದೆ. ಓದು ಬರದ ಕೂಲಿಯವನನ್ನು ನಂಬಿದ್ದೇ ತಪ್ಪು ಎಂದು ಒಬ್ಬರು ಬರೆದಿದ್ದರು. ನಾನು ಸೈಕಲ್ ಮಾರಿದೆ. ಅದನ್ನು ಪ್ರಾಯಶ್ಚಿತ್ತ ಎಂದು ಹೆಂಡತಿಗೆ ಹೇಳಿದೆ.

ಕಾರ್ಖಾನೆಯಲ್ಲಿ ಕಾಕಾ ಮೊದಲಿನಂತೆಯೇ ಇದ್ದರು. ಎದುರಾದರೆ "ಆರಾಮ ಅದೀರಿಲ್ರಿ ಸರ?" ಎನ್ನುವರು. ನನಗೆ ಅದೇ ಸಹಿಸಲು ಆಗುತ್ತಿರಲಿಲ್ಲ. ಭಾನುವಾರಗಳಲ್ಲಿ ಅವರು ಎಲ್ಲಿಗೆ ಹೋಗುತ್ತಾರೆಂದು ಸ್ಟೋರಿನವನೊಬ್ಬ ಹೇಳಿದ. ನಾನು ನಂಬಲಿಲ್ಲ. ಮರುವರ್ಷ ಮಳೆ ಮುಗಿದ ಮೇಲೆ ಒಂದು ಭಾನುವಾರ ಲೋಕಲ್ ಹಿಡಿದು, ರಿಕ್ಷಾ ಮಾಡಿಕೊಂಡು ಆ ಏರಿನ ನೆತ್ತಿಗೆ ಹೋದೆ. ಕೆಳಗೆ ತಿರುವಿನಲ್ಲಿ ಕಾಕಾ ಈಚಲ ಪೊರಕೆ ಹಿಡಿದು ರಸ್ತೆ ಗುಡಿಸುತ್ತಿದ್ದರು. ಗುಡ್ಡದ ಬದಿಯಲ್ಲಿ ನೀರು ಹೋಗಲು ಗುದ್ದಲಿಯಲ್ಲಿ ಕಾಲುವೆ ತೋಡಿದ್ದರು. ಹೊರ ಅಂಚಿನಲ್ಲಿ ಕಲ್ಲುಗಳನ್ನು ಹೂತು ಸುಣ್ಣ ಬಳಿದಿದ್ದರು. ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ. ಒಂದು ಬುಟ್ಟಿ ನನ್ನ ಕಡೆ ತಳ್ಳಿದರು. ಎರಡು ಗಂಟೆ ಅವರು ಗುಡಿಸಿದರು, ನಾನು ಹರಳು ಹೊತ್ತು ದೂರ ಸುರಿದೆ.

ಮರದ ನೆರಳಲ್ಲಿ ಕುಳಿತಾಗ ಕೊನೆಗೂ ಕೇಳಿದೆ. "ಆ ದಿನ ಮೀಟಿಂಗಿನಲ್ಲಿ ನೀವು ಯಾಕೆ ಹೇಳಲಿಲ್ಲ? ನಾನು ನಿಮ್ಮನ್ನು ಇಲ್ಲಿಂದ ತೆಗೆದದ್ದು, ನಾನು ಸರಿಯಾಗಿ ಹೇಳದೆ ಇದ್ದದ್ದು."

"ನೀವು ಏನ್ ಹೇಳಿದ್ರಿ ಅನ್ನೂದು ಆ ದಿನಾನ ಹುಡುಗ್ರು ಹೇಳಿದ್ರು ನನಗ" ಎಂದರು. ಕಾಲ ಬೆರಳಿನಿಂದ ಒಂದು ಹರಳನ್ನು ದೂಡಿದರು. "ನಿಮಗ ಬಾಯಿ ಐತ್ರಿ ಸರ. ನೀವ ಹೇಳ್ತೀರಿ ಅಂತ ನಿಂತೆ."

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಸಿಟ್ಟಿದ್ದಿದ್ದರೆ ನಾನು ಏನಾದರೂ ಸಮಜಾಯಿಷಿ ಹೇಳುತ್ತಿದ್ದೆ. ಅವರೇ ಮುಂದುವರಿಸಿದರು. "ಮತ್ತ ನನ್ನದೂ ತಪ್ಪೈತಿ. ನೀವು ನೀರಿಗೆ ನಿಂದರು ಅಂದ್ರಿ, ನಾ ಹೋದೆ. ಒಲ್ಲೆ ಅನಬೇಕಿತ್ತು. ನಮ್ಮಪ್ಪನೂ ಅಂದಿಲ್ಲ, ನಾನೂ ಅನಲಿಲ್ಲ. ಆ ಹುಡುಗಿ ಅವ್ವನ ಮನಿಗೆ ಹೋಗಿದ್ದೆ. ನಾ ನಿಂದರಬೇಕಾಗಿತ್ತು, ನಿಂದರಲಿಲ್ಲ ಅಂತ ಹೇಳಿ ಬಂದೆ."

"ಅವರೇನು ಹೇಳಿದರು?"

"ಏನ್ ಹೇಳ್ತಾರ್ರಿ. ಹೆತ್ತಾಕಿ."

ಅವತ್ತು ಹಿಂತಿರುಗುವಾಗ, ಇವತ್ತೇ ಆ ತಾಯಿಯ ಬಳಿ ಹೋಗಿ ಹೇಳಿಬಿಡುತ್ತೇನೆ ಎಂದುಕೊಂಡೆ. ಲೋಕಲ್ ಡೊಂಬಿವಲಿಯಲ್ಲಿ ನಿಂತಿತು. ಜನ ಇಳಿದರು, ಹತ್ತಿದರು. ನಾನು ಕುಳಿತೇ ಇದ್ದೆ.

ಹೋದ ಚಳಿಗಾಲದಲ್ಲಿ ಕಾಕಾಗೆ ಕೆಮ್ಮು ಹಿಡಿಯಿತು. ಬಿಡಲಿಲ್ಲ. ಮಳೆಗಾಲದ ಹೊತ್ತಿಗೆ ಆಸ್ಪತ್ರೆ ಸೇರಿದರು. ಪುಪ್ಪುಸದಲ್ಲಿ ಏನೂ ಉಳಿದಿಲ್ಲ, ಚಿಕ್ಕಂದಿನಿಂದ ಹೊಗೆ ಧೂಳು ಕುಡಿದಿದ್ದಾರೆ ಎಂದು ಡಾಕ್ಟರ್ ಹೇಳಿದರು. ಊರಿನಿಂದ ಬಂದ ಹೆಂಡತಿ ಮಂಚದ ಪಕ್ಕ ನೆಲದ ಮೇಲೆ ಕುಳಿತಿದ್ದರು. ನಾನು ಹೋದಾಗಲೆಲ್ಲ ಸೆರಗು ಎಳೆದುಕೊಂಡು ಎದ್ದು ನಿಲ್ಲುತ್ತಿದ್ದರು, ಎಷ್ಟು ಬೇಡವೆಂದರೂ. ಕೊನೆಯ ಸಲ ನೋಡಿದಾಗ ಕಾಕಾ ಒಂದೊಂದೇ ಮಾತನ್ನು ಎಳೆದು ಆಡುತ್ತಿದ್ದರು. ಕಿಟಕಿಯ ಹೊರಗೆ ಮಳೆ ಸುರಿಯುತ್ತಿತ್ತು.

"ಕಡಿ ಬಂದಿರತಾವ್ರಿ ಈಗ" ಎಂದರು.

"ನಾನು ಹೋಗಿ ಗುಡಿಸ್ತೇನೆ" ಎಂದೆ.

ನನ್ನ ಮಾತನ್ನು ಅವರು ಎಷ್ಟು ನಂಬಿದರೋ ನನಗೆ ಗೊತ್ತಾಗಲಿಲ್ಲ. ಅದಾದ ಎರಡನೇ ದಿನ ಹೋದರು. ಹೆಂಡತಿ, ಅಣ್ಣನ ಮಗ ಸೇರಿ ಊರಿಗೆ ಒಯ್ದರು. ನಾವು ನಾಲ್ಕು ಜನ ಆಸ್ಪತ್ರೆಯ ಗೇಟಿನ ತನಕ ಹೋದೆವು.

ಹನ್ನೆರಡು ದಿನ ಕಳೆದ ಮೇಲೆ ನಾನು ಡೊಂಬಿವಲಿಗೆ ಹೋದೆ. ಮೂರನೇ ಮಹಡಿ. ಆ ಹುಡುಗಿಯ ತಾಯಿ ಬಾಗಿಲು ತೆರೆದು, ನಾನು ಯಾರೆಂದು ಕೇಳಿ, ಒಳಗೆ ಕೂರಿಸಿ ನೀರು ಕೊಟ್ಟರು. ಕರಾವಳಿಯ ಕನ್ನಡ ಕಿವಿಗೆ ಬಿದ್ದೊಡನೆ ನನ್ನ ಧೈರ್ಯ ಇನ್ನಷ್ಟು ಕುಸಿಯಿತು. ನನ್ನ ಅಕ್ಕನೂ ಹಾಗೆಯೇ ಮಾತಾಡುತ್ತಾಳೆ. ಗೋಡೆಯ ಮೇಲಿನ ಹುಡುಗಿಯ ಫೋಟೋ ನೋಡದೆ ಎಲ್ಲವನ್ನೂ ಹೇಳಿದೆ. ತಿರುವಿನ ವಿಷಯ ಕಾಕಾ ಮೊದಲೇ ಹೇಳಿದ್ದು, ತಾನೇ ನಿಲ್ಲುತ್ತೇನೆಂದದ್ದು, ನಾನು ಅವರನ್ನು ಬಾಳೆಹಣ್ಣು ಹಂಚಲು ಕಳಿಸಿದ್ದು, ಹೇಳಬೇಕಾದ್ದನ್ನು ಹೇಳದೆ ಇದ್ದದ್ದು, ಆಮೇಲೆ ಸುಮ್ಮನಿದ್ದದ್ದು.

ಅವರು ಅಳಲಿಲ್ಲ. ನನ್ನನ್ನು ಬೈಯಲೂ ಇಲ್ಲ. "ಆ ಜನ ಈಗ ಎಲ್ಲಿದ್ದಾರೆ?" ಎಂದು ಕಾಕಾ ಬಗ್ಗೆ ಕೇಳಿದರು.

"ತೀರಿಕೊಂಡರು. ಹನ್ನೆರಡು ದಿನ ಆಯ್ತು."

"ಅವರು ಇಲ್ಲಿಗೆ ಎರಡು ಸಲ ಬಂದಿದ್ರು" ಎಂದರು ಅವರು. "ಮೊದಲ ಸಲ ಆ ಬಾಗಿಲಲ್ಲಿ ನಿಂತು ತಪ್ಪು ತನ್ನದು ಅಂತ ಹೇಳಿದ್ರು. ನಿಮ್ಮ ಮನೆಯಲ್ಲಿಯೂ ಹೀಗೇ ಹೆಣ ಬೀಳ್ಲಿ ಅಂತ ಹೇಳಿದೆ ನಾನು. ಕೈಮುಗಿದು ಹೋದ್ರು. ಎರಡನೇ ಸಲ ನಾನು ಬಾಗಿಲೇ ತೆಗೀಲಿಲ್ಲ. ಒಳಗಿಂದ ನೋಡ್ತಾ ಇದ್ದೆ. ತುಂಬ ಹೊತ್ತು ನಿಂತಿದ್ರು."

ನಾನು ನೀರಿನ ಲೋಟವನ್ನು ಕೆಳಗಿಟ್ಟೆ.

"ನೀವು ಹೇಳಿ ಮುಗಿಸಿದ್ರಿ" ಎಂದರು. ದನಿ ಏರಲಿಲ್ಲ. "ನಾನು ಅವರಿಗೆ ಹೇಳಿದ ಮಾತನ್ನು ಈಗ ಯಾರ ಹತ್ತಿರ ಹೋಗಿ ವಾಪಸ್ ತಕ್ಕೊಳ್ಳಲಿ? ಹದಿನೈದು ದಿನ ಮೊದಲು ಬರ್ಲಿಕ್ಕೆ ನಿಮಗೆ ಆಗ್ಲಿಲ್ವಾ?"

ನಾನು ಎದ್ದೆ. ಅವರು ಬಾಗಿಲ ತನಕ ಬಂದರು, ಚಿಲಕ ತೆಗೆದರು, ನಾನು ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳುವವರೆಗೂ ಅಲ್ಲೇ ನಿಂತಿದ್ದರು.